ಅಜ್ಜಿ ಮನೆಗೆ ಬರೋಕೂ ಇಂಜೆಕ್ಷನ್ ಬೇಕಾ?



ಜೂನ್ ಬಂತು ಅಂದ್ರೆ ಬೆಂಗಳೂರಿನ ಉತ್ತರ ಭಾಗದ ಮನೆಗಳಲ್ಲಿ ಸಡಗರ ಶುರು. ಅಮೆರಿಕದಲ್ಲಿ ಶಾಲೆಗಳಿಗೆ ಬೇಸಿಗೆ ರಜೆ. ಮಗ, ಸೊಸೆ, ಮೊಮ್ಮಕ್ಕಳು ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ಇಳಿದು, ಬಳ್ಳಾರಿ ರಸ್ತೆ ಹಿಡಿದು, ಯಲಹಂಕಕ್ಕೋ, ಹೆಬ್ಬಾಳ ದಾಟಿ ಆರ್.ಟಿ. ನಗರಕ್ಕೋ, ಯಶವಂತಪುರಕ್ಕೋ ಬರ್ತಾರೆ. ಇಲ್ಲಿ ಅಜ್ಜಿ ಒಂದು ತಿಂಗಳ ಹಿಂದೆಯೇ ಚಕ್ಕುಲಿ, ಕೋಡುಬಳೆ ಅಂತ ತಯಾರಿ ಶುರು ಮಾಡಿರ್ತಾರೆ. ಅಷ್ಟರಲ್ಲಿ ಮಗನ ಫೋನ್ ಬರುತ್ತೆ. "ಅಮ್ಮಾ, ಮಕ್ಕಳಿಗೆ ಟೈಫಾಯ್ಡ್ ಇಂಜೆಕ್ಷನ್ ಹಾಕಿಸಬೇಕಂತೆ, ಡಾಕ್ಟರ್ ಹೇಳಿದ್ದಾರೆ." ಈ ಕಡೆ ಮುಖ ಚಿಕ್ಕದಾಗುತ್ತೆ. "ಯಾಕಪ್ಪಾ, ನೀನು ಇದೇ ಮನೆ ನೀರು ಕುಡಿದು ಬೆಳೀಲಿಲ್ವಾ? ಅಜ್ಜಿ ಮನೆಗೆ ಬರೋಕೂ ಇಂಜೆಕ್ಷನ್ ಬೇಕಾ?"

ಎಷ್ಟೋ ಮನೆಗಳಲ್ಲಿ ಕೇಳುವ ಈ ಪ್ರಶ್ನೆಯೇ ಇವತ್ತಿನ ವಿಷಯ. ಉತ್ತರ ಮೊದಲೇ ಹೇಳಿಬಿಡ್ತೀನಿ. ಬೇಕು. ಖಂಡಿತ ಬೇಕು. ಅದರಲ್ಲಿ ಅಜ್ಜಿಗೆ ಯಾವ ಅವಮಾನವೂ ಇಲ್ಲ. ನಾಚಿಕೆ ಪಡಬೇಕಾದವರು ಬೇರೆ ಇದ್ದಾರೆ, ಅವರ ಹತ್ತಿರ ಕೊನೆಗೆ ಬರೋಣ.

ಮೊದಲು ಅವಮಾನದ ವಿಚಾರ ಮುಗಿಸೋಣ. ಯಲಹಂಕದ ಹತ್ತಿರ, ಹೆಗಡೆನಗರದ ತಿರುಮೇನಹಳ್ಳಿಯಲ್ಲಿ ಹಜ್ ಭವನ ಇದೆ. ಕರ್ನಾಟಕದ ಹಜ್ ಯಾತ್ರಿಕರು ಅಲ್ಲಿಂದ ಏರ್‌ಪೋರ್ಟ್‌ಗೆ ಹೊರಡ್ತಾರೆ. ಹೊರಡುವ ಮೊದಲು ಮೆದುಳು ಜ್ವರದ ಲಸಿಕೆ ತಗೋತಾರೆ, ಎಪ್ಪತ್ತು ವರ್ಷದ ಹಿರಿಯರೂ ಬಾಯಿ ತೆರೆದು ಪೋಲಿಯೋ ಹನಿ ಹಾಕಿಸ್ಕೋತಾರೆ. ಅಲ್ಲಿ ಯಾರಾದ್ರೂ "ನಮ್ಮನ್ನ ಕೀಳಾಗಿ ನೋಡಿದ್ರು" ಅಂತ ಜಗಳ ತೆಗೀತಾರಾ? ಇಲ್ಲ. ಆಫ್ರಿಕಾಕ್ಕೆ ಕೆಲಸಕ್ಕೆ ಹೋಗುವ ನಮ್ಮ ಹುಡುಗರು ಹಳದಿ ಜ್ವರದ ಲಸಿಕೆ ಹಾಕಿಸ್ಕೊಂಡು, ಅದರ ಕಾರ್ಡನ್ನು ಪಾಸ್‌ಪೋರ್ಟ್ ಜೊತೆ ಇಟ್ಕೊಂಡು ಹೋಗ್ತಾರೆ. ಪಾಕಿಸ್ತಾನ, ಅಫ್ಘಾನಿಸ್ತಾನದಿಂದ ಬರುವವರಿಗೆ ಪೋಲಿಯೋ ಹನಿ ಹಾಕಿಸ್ಕೊಂಡು ಬನ್ನಿ ಅಂತ ನಮ್ಮ ಸರ್ಕಾರವೇ 2014ರಲ್ಲಿ ನಿಯಮ ಮಾಡಿತು. ಪ್ರಯಾಣ ಅಂದ ಮೇಲೆ ಲಸಿಕೆ ಇದ್ದದ್ದೇ. ಅದು ಬಿಸಿಲಿಗೆ ಛತ್ರಿ ಹಿಡಿದ ಹಾಗೆ. ಛತ್ರಿ ಹಿಡಿದವನು ಸೂರ್ಯನಿಗೆ ಬೈತಿಲ್ಲ.

ಈಗ ಅಪಾಯ ಯಾರಿಗೆ ಅಂತ ನೋಡೋಣ. ಅಮೆರಿಕದಲ್ಲಿ ಟೈಫಾಯ್ಡ್ ಬರುವವರಲ್ಲಿ ಹೆಚ್ಚಿನವರು ಹೊರದೇಶಕ್ಕೆ ಹೋಗಿ ಬಂದವರು. ಅವರಲ್ಲೂ ಹೆಚ್ಚಿನವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಕ್ಕೆ ಬಂದು ಹೋದವರು. ಬೆನ್ನಿಗೆ ಬ್ಯಾಗ್ ಏರಿಸ್ಕೊಂಡು ಹಂಪಿ, ಗೋಕರ್ಣ ಸುತ್ತುವ ವಿದೇಶಿಯರು ಅಂದ್ಕೊಂಡ್ರಾ? ಅಲ್ಲ. ಜಾಸ್ತಿ ಅಪಾಯ ಇರೋದು ನೆಂಟರ ಮನೆಗೆ ಬರುವವರಿಗೆ. ಯಾಕೆ ಅಂದ್ರೆ, ಪ್ರವಾಸಿ ಹೆದರಿ ಬರ್ತಾನೆ. ಡಾಕ್ಟರನ್ನು ಕೇಳಿ, ಲಸಿಕೆ ಹಾಕಿಸ್ಕೊಂಡು, ಸೀಲ್ ಇರುವ ಬಾಟಲಿ ನೀರು ಕುಡಿದು, ಹತ್ತು ದಿನಕ್ಕೆ ವಾಪಸ್ ಹೋಗ್ತಾನೆ. ನಮ್ಮವರು ಹಾಗಲ್ಲ. ಆರು ವಾರ ಇರ್ತಾರೆ. ಮದುವೆ, ಗೃಹಪ್ರವೇಶ, ಚಿಕ್ಕಪ್ಪನ ಮನೆ, ಊರ ಹಬ್ಬ ಅಂತ ಎಲ್ಲಾ ಕಡೆ ಊಟ. "ನಮ್ಮೂರಿಗೆ ಹೋಗೋಕೆ ಡಾಕ್ಟರ್ ಯಾಕೆ" ಅಂತ ಯಾರನ್ನೂ ಕೇಳಿರೋದಿಲ್ಲ.

ನಾನು ಡಾಕ್ಟರ್ ಅಲ್ಲ, ಓದಿದ್ದು ಎಂಜಿನಿಯರಿಂಗ್. ಹಾಗಾಗಿ ನೀರಿನ ಪೈಪಿಂದಲೇ ಶುರು ಮಾಡ್ತೀನಿ.

ನಿಮ್ಮ ರಸ್ತೆಗೆ ನೀರು ದಿನವಿಡೀ ಬರುತ್ತಾ? ಬಹಳ ಕಡೆ ಇಲ್ಲ. ಎರಡು ದಿನಕ್ಕೊಮ್ಮೆ ವಾಲ್ವ್‌ಮ್ಯಾನ್ ಬಂದು ತಿರುಗಿಸಿದಾಗ ಬರುತ್ತೆ. ನೀರು ಹರಿಯುವಾಗ ಪೈಪಿನೊಳಗೆ ಒತ್ತಡ ಇರುತ್ತೆ. ಎಲ್ಲೋ ಒಂದು ಕಡೆ ಬಿರುಕು ಇದ್ರೆ ಒಳಗಿನ ನೀರು ಹೊರಗೆ ಹೋಗುತ್ತೆ, ಅಷ್ಟೇ. ವಾಲ್ವ್ ಬಂದ್ ಮಾಡಿದ ಮೇಲೆ ಒಳಗಿನ ಒತ್ತಡ ಇಳಿಯುತ್ತೆ. ಆಗ ಅದೇ ಬಿರುಕಿನಿಂದ ಹೊರಗಿನದು ಒಳಕ್ಕೆ ಬರುತ್ತೆ. ಹೊರಗೆ ಏನಿದೆ? ಎಷ್ಟೋ ರಸ್ತೆಗಳಲ್ಲಿ ಕುಡಿಯುವ ನೀರಿನ ಪೈಪ್, ಒಳಚರಂಡಿ ಪೈಪ್ ಎರಡೂ ಅಕ್ಕಪಕ್ಕ ಮಲಗಿವೆ. ಮಳೆಗಾಲದಲ್ಲಿ ಚೇಂಬರ್ ತುಂಬಿ ಹರಿದ್ರಂತೂ ಕೇಳೋದೇ ಬೇಡ. ಮರುದಿನ ನೀರು ಬಿಟ್ಟಾಗ ಮೊದಲ ಕೊಡದಲ್ಲಿ ಬರೋದು ಅದೇ. ನೀರು ಶುದ್ಧೀಕರಣ ಘಟಕದಲ್ಲಿ ಶುದ್ಧವಾಗೇ ಇತ್ತು, ದಾರಿಯಲ್ಲಿ ಕೆಟ್ಟಿತು. ಅದು ನಮ್ಮ ಸಂಪಿಗೆ ಬಿತ್ತು, ಸಂಪಿಂದ ಓವರ್‌ಹೆಡ್ ಟ್ಯಾಂಕ್‌ಗೆ, ಅಲ್ಲಿಂದ ಅಡುಗೆಮನೆ ನಲ್ಲಿಗೆ. ಈ ದಾರಿಯಲ್ಲಿ ಅಜ್ಜಿಯ ತಪ್ಪು ಎಲ್ಲಿದೆ ಹೇಳಿ?

ಆ ನೀರಿನಲ್ಲಿ ಏನು ಬರಬಹುದು? ಮೂರು ಹೆಸರು ನೆನಪಿಟ್ಕೊಳ್ಳಿ.

ಒಂದನೇದು ಟೈಫಾಯ್ಡ್. ನಮ್ಮ ಹಿರಿಯರು ವಿಷಮಶೀತ ಜ್ವರ ಅಂತಿದ್ರು. ಇದರ ರೋಗಾಣು ಮನುಷ್ಯನಲ್ಲಿ ಮಾತ್ರ ಬದುಕುತ್ತೆ, ಮಲದಿಂದ ನೀರಿಗೆ, ನೀರಿಂದ ಬಾಯಿಗೆ ಬರುತ್ತೆ. ಒಳಗೆ ಸೇರಿದ ಮೇಲೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ ಸುಮ್ಮನೆ ಇರುತ್ತೆ. ಹಾಗಾಗಿ ಎಷ್ಟೋ ಸಲ ಮಗು ಇಲ್ಲಿ ಚೆನ್ನಾಗೇ ಆಡ್ಕೊಂಡಿದ್ದು, ವಾಪಸ್ ಹೋದ ಮೇಲೆ ಮಲಗುತ್ತೆ. ಅಲ್ಲಿನ ಡಾಕ್ಟರ್ ಫ್ಲೂ ಅಂದ್ಕೋಬಹುದು. "ನಾವು ಇಂಡಿಯಾಕ್ಕೆ ಹೋಗಿ ಬಂದ್ವಿ" ಅನ್ನುವ ಒಂದು ಮಾತು ಹೇಳಿದ್ರೆ ಬ್ಲಡ್ ಕಲ್ಚರ್ ಮಾಡಿಸ್ತಾರೆ, ರೋಗ ಸಿಕ್ಕಿಬೀಳುತ್ತೆ. ಹಿಂದೆ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಗೆ ಬಗ್ಗುತ್ತಿದ್ದ ಟೈಫಾಯ್ಡ್ ಈಗ ನಮ್ಮ ಕಡೆ ಬಹುಪಾಲು ಅದಕ್ಕೆ ಬಗ್ಗುತ್ತಿಲ್ಲ. ಔಷಧ ಕೈಕೊಡುತ್ತಿರುವ ರೋಗಕ್ಕೆ ಲಸಿಕೆಯ ಬೆಲೆ ಜಾಸ್ತಿ.

ಎರಡನೇದು ಹೆಪಟೈಟಿಸ್ ಎ. ಕಾಮಾಲೆ ತರುವ ವೈರಸ್. ಇದರ ಸ್ವಭಾವ ವಿಚಿತ್ರ. ಚಿಕ್ಕ ಮಕ್ಕಳಿಗೆ ಬಂದ್ರೆ ಬಹಳ ಸಲ ಬಂದದ್ದೇ ಗೊತ್ತಾಗಲ್ಲ, ಬಂದು ಹೋದ ಮೇಲೆ ಜೀವನಪೂರ್ತಿ ಮತ್ತೆ ಬರಲ್ಲ. ದೊಡ್ಡವರಾದ ಮೇಲೆ ಬಂದ್ರೆ ಕಣ್ಣು ಹಳದಿ, ವಾರಗಟ್ಟಲೆ ಹಾಸಿಗೆ, ಕೆಲವರಿಗೆ ಪಿತ್ತಜನಕಾಂಗವೇ ಕೈಕೊಡುತ್ತೆ. ನಮ್ಮ ತಾತ, ಅಜ್ಜಿಯರ ಕಾಲದಲ್ಲಿ ಬಹುತೇಕ ಎಲ್ಲರಿಗೂ ಬಾಲ್ಯದಲ್ಲೇ ಬಂದು ಹೋಗ್ತಿತ್ತು. ಅವರು ಗಟ್ಟಿ ಅಂತ ನಾವು ಹೇಳೋದರಲ್ಲಿ ಇಷ್ಟು ನಿಜ ಇದೆ. ಆದರೆ ಫಿಲ್ಟರ್ ನೀರು, ಕ್ಯಾನ್ ನೀರು ಕುಡಿದು ಬೆಳೆದ ನನ್ನ ವಯಸ್ಸಿನವರಿಗೆ, ನನಗಿಂತ ಚಿಕ್ಕವರಿಗೆ ಆ ರಕ್ಷಣೆ ಇರುತ್ತೆ ಅಂತ ಹೇಳೋಕಾಗಲ್ಲ. 2024ರ ಬೇಸಿಗೆಯಲ್ಲಿ ಕೇರಳದ ಎರ್ನಾಕುಳಂ ಜಿಲ್ಲೆಯ ವೆಂಗೂರು ಪಂಚಾಯಿತಿಯಲ್ಲಿ 200ಕ್ಕೂ ಹೆಚ್ಚು ಜನ ಕಾಮಾಲೆಯಿಂದ ಮಲಗಿದ್ರು, ಸಾವೂ ಆಯ್ತು. ಕಾರಣ ಕುಡಿಯುವ ನೀರು. ವಿದ್ಯೆ, ಆಸ್ಪತ್ರೆ ಎರಡರಲ್ಲೂ ನಮಗಿಂತ ಮುಂದೆ ಅಂತ ನಾವು ಹೊಗಳುವ ಕೇರಳದಲ್ಲಿ!

ಇದರಿಂದ ಇನ್ನೊಂದು ಮಾತು ಹೊರಡುತ್ತೆ. ಮಕ್ಕಳಿಗೆ ಮಾತ್ರ ಇಂಜೆಕ್ಷನ್ ಸಾಕು, ನಾನು ಇಲ್ಲೇ ಹುಟ್ಟಿ ಬೆಳೆದವನು ಅಂತ ಅಪ್ಪ ಎದೆ ತಟ್ಟಿಕೊಳ್ಳೋದು ಬೇಡ. ಟೈಫಾಯ್ಡ್ ಒಮ್ಮೆ ಬಂದವರಿಗೆ ಮತ್ತೆ ಬರುತ್ತೆ. ಕಾಮಾಲೆ ಬಂದು ಹೋಗಿದೆಯೋ ಇಲ್ಲವೋ ಅಂತ ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದು. ಅನುಮಾನ ಇದ್ರೆ ಅಪ್ಪ, ಅಮ್ಮನೂ ಡಾಕ್ಟರನ್ನು ಕೇಳಿ.

ಮೂರನೇದು ಕಾಲರಾ. ಇದು ಹಳೇ ಕಾಲದ ರೋಗ ಅಂದ್ಕೊಂಡಿದ್ರೆ ಎರಡು ಘಟನೆ ನೆನಪಿಸ್ತೀನಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು, ಜೀವಗಳು ಹೋದವು. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನ ಹಾಸ್ಟೆಲ್‌ನ 40ಕ್ಕೂ ಹೆಚ್ಚು ವಿದ್ಯಾರ್ಥಿನಿಯರು ವಾಂತಿಭೇದಿಯಿಂದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮಲಗಿದ್ರು, ಪರೀಕ್ಷೆಯಲ್ಲಿ ಕಾಲರಾ ಪತ್ತೆ ಆಯ್ತು. ನಾಳೆ ನಮಗೆ ಔಷಧ ಬರೆಯಬೇಕಾದ ಮಕ್ಕಳು ಅವರು! ಕಾಲರಾಕ್ಕೆ ಬಾಯಿಗೆ ಹಾಕುವ ಲಸಿಕೆ ಇದೆ. ಕೋಲ್ಕತ್ತದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಅದು ಐದು ವರ್ಷದ ಅವಧಿಯಲ್ಲಿ ಶೇ 65ರಷ್ಟು ರಕ್ಷಣೆ ಕೊಟ್ಟಿತು. ಆದರೆ ಅಜ್ಜಿ ಮನೆಗೆ ರಜೆಗೆ ಬರುವವರಿಗೆ ಸಾಮಾನ್ಯವಾಗಿ ಅದು ಬೇಕಾಗಲ್ಲ. ರೋಗ ಹರಡಿರುವ ಜಾಗಕ್ಕೆ, ಪರಿಹಾರ ಶಿಬಿರಕ್ಕೆ ಕೆಲಸ ಮಾಡೋಕೆ ಹೋಗುವವರಿಗೆ ಬೇಕಾಗುತ್ತೆ. ಮನೆಯಲ್ಲಿ ಇರಬೇಕಾದ್ದು ಓಆರ್‌ಎಸ್ ಪುಡಿ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಸಕ್ಕರೆ, ನೀರಿನ ಈ ದ್ರಾವಣದಿಂದಲೇ ಸಾವಿರಾರು ಜೀವ ಉಳಿಸಿದ್ರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಒಂದು ಲೀಟರ್ ನೀರಿಗೆ ಹಾಕುವ ಪೊಟ್ಟಣ ಅಂದ್ರೆ ಪೂರ್ತಿ ಒಂದು ಲೀಟರ್‌ಗೇ ಹಾಕಬೇಕು, ಒಂದು ಲೋಟಕ್ಕಲ್ಲ. ಹಣ್ಣಿನ ರುಚಿಯ ಸಿಹಿ ಟೆಟ್ರಾ ಪ್ಯಾಕ್ ಇದರ ಬದಲಿಗೆ ಆಗಲ್ಲ.

ಈಗ ಲಸಿಕೆಯ ಲೆಕ್ಕಕ್ಕೆ ಬರೋಣ. ಹೊರದೇಶದಲ್ಲಿ ಮಕ್ಕಳಿರುವವರು ಪೆನ್ನು ತಗೊಳ್ಳಿ.

ಅಮೆರಿಕದಲ್ಲಿ ಕೊಡುವ ಟೈಫಾಯ್ಡ್ ಇಂಜೆಕ್ಷನ್ ಎರಡು ವರ್ಷ ತುಂಬಿದವರಿಗೆ ಮಾತ್ರ. ಹೊರಡೋಕೆ ಕನಿಷ್ಠ ಎರಡು ವಾರ ಮೊದಲೇ ಹಾಕಿಸಬೇಕು. ಎರಡು ವರ್ಷಕ್ಕೆ ಅದರ ಶಕ್ತಿ ಇಳಿಯುತ್ತೆ, ಮತ್ತೆ ಬರುವಾಗ ಮತ್ತೆ ಹಾಕಿಸಬೇಕು. "ಹೋದ ಸಲ ಬಂದಾಗ ಹಾಕಿಸಿದ್ವಲ್ಲ" ಅನ್ನುವ ಮಾತು ಇಲ್ಲಿ ಕೆಲಸ ಮಾಡಲ್ಲ. ಎರಡು ವರ್ಷದೊಳಗಿನ ಮಗುವಿಗೆ? ಅದಕ್ಕೆ ಅಲ್ಲಿ ಆ ಇಂಜೆಕ್ಷನ್ ಇಲ್ಲ. ಆ ಮಗುವಿಗೆ ಕುದಿಸಿ ಆರಿಸಿದ ನೀರೇ ಲಸಿಕೆ.

ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯದು ಇದೆ. ಹೈದರಾಬಾದ್‌ನ ಭಾರತ್ ಬಯೋಟೆಕ್ ತಯಾರಿಸುವ ಟೈಪ್‌ಬಾರ್ ಟಿಸಿವಿ. ಆರು ತಿಂಗಳ ಕೂಸಿಗೂ ಕೊಡಬಹುದು, ಒಂದೇ ಡೋಸ್, ರಕ್ಷಣೆ ಹೆಚ್ಚು ವರ್ಷ ಇರುತ್ತೆ. ನೇಪಾಳದಲ್ಲಿ ಸುಮಾರು 20,000 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಟೈಫಾಯ್ಡ್ ತಡೆಯುವುದರಲ್ಲಿ ಶೇ 81ಕ್ಕಿಂತ ಜಾಸ್ತಿ ಯಶಸ್ಸು. ಹೆಪಟೈಟಿಸ್ ಎ ಲಸಿಕೆ ಅಮೆರಿಕದ ಮಕ್ಕಳಿಗೆ ಒಂದು ವರ್ಷ ತುಂಬಿದ ಮೇಲೆ ಕೊಡ್ತಾರೆ, ಎರಡು ಡೋಸ್. ಇಂಗ್ಲೆಂಡ್‌ನಲ್ಲಿ ಅದು ಮಾಮೂಲಿ ಪಟ್ಟಿಯಲ್ಲಿಲ್ಲ, ಕೇಳಿ ಹಾಕಿಸ್ಕೋಬೇಕು. ಎರಡು ಡೋಸ್ ನಡುವೆ ಆರು ತಿಂಗಳ ಅಂತರ ಬೇಕು, ಆದರೆ ಹೊರಡುವ ಮೊದಲು ಒಂದು ಬಿದ್ದರೂ ರಕ್ಷಣೆ ಶುರುವಾಗುತ್ತೆ. ಯಾವುದು, ಯಾವಾಗ ಅನ್ನುವ ಕೊನೆ ಮಾತು ನಿಮ್ಮ ಡಾಕ್ಟರದ್ದು. ಟಿಕೆಟ್ ಬುಕ್ ಮಾಡಿದ ದಿನವೇ ಅವರ ಅಪಾಯಿಂಟ್‌ಮೆಂಟ್ ತಗೊಳ್ಳಿ.

ಲಸಿಕೆ ಹಾಕಿಸಿದ ಮೇಲೆ ಏನು ಬೇಕಾದ್ರೂ ತಿನ್ನಬಹುದಾ? ಇಲ್ಲ. ಟೈಫಾಯ್ಡ್ ಲಸಿಕೆ ಅದರ ದಾಯಾದಿ ಪ್ಯಾರಾಟೈಫಾಯ್ಡನ್ನು ತಡೆಯಲ್ಲ. ಗರ್ಭಿಣಿಯರಿಗೆ ಬಹಳ ಅಪಾಯಕಾರಿಯಾದ ಹೆಪಟೈಟಿಸ್ ಇ ಅನ್ನೋ ಕಾಮಾಲೆಗೆ ನಮ್ಮಲ್ಲಿ ಲಸಿಕೆ ಸಿಗಲ್ಲ. ಮಾಮೂಲಿ ಭೇದಿಗೆ ನೂರು ಕಾರಣ. ಅದಕ್ಕೇ ಅಡುಗೆಮನೆ ಲೆಕ್ಕ ಸರಳವಾಗಿ ಹೇಳ್ತೀನಿ. ಬಿಸಿ ಇದ್ದದ್ದು ಒಳ್ಳೇದು. ಕಾವಲಿಯಿಂದ ಇಳಿದ ದೋಸೆ ಕ್ಷೇಮ, ಪಕ್ಕದಲ್ಲಿ ಬೆಳಗ್ಗೆಯಿಂದ ಕೂತ ಚಟ್ನಿ ಅನುಮಾನ. ಹಬೆ ಏಳುವ ಇಡ್ಲಿ ಕ್ಷೇಮ, ನಲ್ಲಿ ನೀರಲ್ಲಿ ತೊಳೆದ ಸೌತೆಕಾಯಿಯ ಕೋಸಂಬರಿ ಅನುಮಾನ. ಮದುವೆ ಮನೆ ಬಾಗಿಲಲ್ಲಿ ಕೊಡುವ ಐಸ್ ಹಾಕಿದ ಶರಬತ್ತು ಬೇಡ. ಪಾನಿಪೂರಿಯಲ್ಲಿ ಪೂರಿ ನಿರಪರಾಧಿ, ಪಾನಿಯದ್ದೇ ಕೇಸು. ಮನೆಯಲ್ಲಿ ಆರ್‌ಒ ಇದೆ ಅಂತ ನಿಶ್ಚಿಂತೆ ಬೇಡ, ಮಗು ಹಲ್ಲುಜ್ಜುವ ನೀರು ಯಾವುದು, ಫ್ರಿಜ್‌ನ ಐಸ್ ಟ್ರೇಗೆ ಹಾಕಿದ್ದು ಯಾವ ನೀರು ಅಂತ ನೋಡಿ. ನೆಂಟರು ಬರುವ ಮೊದಲು ಗೋಡೆಗೆ ಬಣ್ಣ ಹೊಡೆಸ್ತೀರಲ್ಲ, ಅದಕ್ಕಿಂತ ಮೊದಲು ಸಂಪು, ಟ್ಯಾಂಕ್ ತೊಳೆಸಿ. ಸಂಪಿನ ಪಕ್ಕದಲ್ಲೇ ಚರಂಡಿ ಚೇಂಬರ್ ಇದ್ದರೆ ಸಂಪಿನ ಗೋಡೆಯಲ್ಲಿ ಬಿರುಕು ಇದೆಯಾ ಅಂತ ನೋಡಿಸಿ.

ಇಷ್ಟು ಮನೆಯೊಳಗಿನ ಮಾತು. ಇನ್ನು ನಾಚಿಕೆ ಪಡಬೇಕಾದವರ ಹತ್ತಿರ ಹೋಗೋಣ.

ಈ ನಗರಕ್ಕೆ ಕೊಳಾಯಿ ನೀರು ಮೊದಲು ಬಂದದ್ದು ನಮ್ಮ ಉತ್ತರ ದಿಕ್ಕಿನಿಂದಲೇ. 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಅರ್ಕಾವತಿಯ ಹೆಸರಘಟ್ಟದಿಂದ ಬಂತು. ಅದೇ ಹೊತ್ತಿಗೆ, 1895ರಲ್ಲಿ, ರೊನಾಲ್ಡ್ ರಾಸ್ ಅನ್ನುವ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ವೈದ್ಯರನ್ನು ಬೆಂಗಳೂರಿಗೆ ಕಳಿಸಿದ್ರು. ಮುಂದೆ ಮಲೇರಿಯಾ ಸೊಳ್ಳೆಯಿಂದ ಹರಡುತ್ತೆ ಅಂತ ತೋರಿಸಿ 1902ರಲ್ಲಿ ನೊಬೆಲ್ ಪಡೆದ ಅದೇ ರಾಸ್. ಬೆಂಗಳೂರಿಗೆ ಅವರನ್ನು ಕಳಿಸಿದ್ದು ಮಾತ್ರ ಮಲೇರಿಯಾಕ್ಕಲ್ಲ, ಇಲ್ಲಿ ಹರಡಿದ್ದ ಕಾಲರಾ ಹತೋಟಿಗೆ ತರೋಕೆ. ನೂರಮೂವತ್ತು ವರ್ಷ ಆಯ್ತು. ಇವತ್ತಿಗೂ ಬೆಂಗಳೂರಲ್ಲಿ ನಾವು ಕಾಲರಾ ಅನ್ನುವ ಪದವನ್ನು ಸುದ್ದಿಯಲ್ಲಿ ಓದ್ತಿದ್ದೀವಿ.

2007ರಲ್ಲಿ ಯಲಹಂಕ, ಬ್ಯಾಟರಾಯನಪುರ ನಗರಸಭೆಗಳನ್ನೂ, ಸುತ್ತಲಿನ 110 ಹಳ್ಳಿಗಳನ್ನೂ ಬೆಂಗಳೂರಿಗೆ ಸೇರಿಸಿದ್ರು. ಆ 110 ಹಳ್ಳಿಗಳಿಗೆ ಕಾವೇರಿ ನೀರು ಕೊಡುವ ಐದನೇ ಹಂತದ ಯೋಜನೆ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್ 16ಕ್ಕೆ. ಲೆಕ್ಕ ಹಾಕಿ, 17 ವರ್ಷ. ತೆರಿಗೆ ನಗರದ್ದು, ನೀರು ಬೋರ್‌ವೆಲ್‌ದು, ಟ್ಯಾಂಕರ್‌ದು. ಟ್ಯಾಂಕರ್ ನೀರನ್ನು ಎಲ್ಲಿ ತುಂಬಿಸಿದ್ರು ಅಂತ ಯಾರು ನೋಡಿದ್ದಾರೆ?

ಈಗ ಒಂದು ಮನೆಯನ್ನು ಕಣ್ಣ ಮುಂದೆ ತಂದ್ಕೊಳ್ಳಿ. ನ್ಯೂಜೆರ್ಸಿಯಿಂದ ಬಂದ ಆರು ವರ್ಷದ ಹುಡುಗಿ ಹಾಲ್‌ನಲ್ಲಿ ಆಡ್ತಿದ್ದಾಳೆ. ಅದೇ ಮನೆಗೆ ಕೆಲಸಕ್ಕೆ ಬರುವ ಅಕ್ಕನ ಆರು ವರ್ಷದ ಮಗಳೂ ಜೊತೆಗೆ ಆಡ್ತಿದ್ದಾಳೆ. ಮೊದಲನೆಯವಳು ಇಲ್ಲಿ ಆರು ವಾರ ಇರ್ತಾಳೆ, ಅವಳಿಗೆ ಇಂಜೆಕ್ಷನ್ ಆಗಿದೆ. ಎರಡನೆಯವಳು ವರ್ಷವಿಡೀ ಇಲ್ಲೇ ಇರ್ತಾಳೆ, ಬೀದಿ ನಲ್ಲಿ ನೀರೇ ಕುಡೀತಾಳೆ, ಅವಳಿಗೆ ಆಗಿಲ್ಲ. ಯಾಕೆ? ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಲಸಿಕೆಗಳ ಪಟ್ಟಿಯಲ್ಲಿ ಟೈಫಾಯ್ಡ್ ಇಲ್ಲ. ದುಡ್ಡು ಕೊಟ್ಟು ಖಾಸಗಿಯಲ್ಲಿ ಹಾಕಿಸಬೇಕು. ಅಪಾಯ ಯಾರಿಗೆ ಜಾಸ್ತಿಯೋ ಅವರಿಗೆ ರಕ್ಷಣೆ ಇಲ್ಲ. ಪ್ರವಾಸಿಗೆ ಇದೆ, ನಿವಾಸಿಗೆ ಇಲ್ಲ. ಇದು ಯಾವ ನ್ಯಾಯ ಸ್ವಾಮಿ?

ಮಾಡೋಕೆ ಆಗಲ್ಲ ಅಂತ ಮಾತ್ರ ಹೇಳಬೇಡಿ. ನವಿ ಮುಂಬೈ ಮಹಾನಗರ ಪಾಲಿಕೆ 2018ರಲ್ಲಿ ತಾನೇ ಮುಂದೆ ಬಂದು, ಒಂಬತ್ತು ತಿಂಗಳಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಟೈಫಾಯ್ಡ್ ಲಸಿಕೆ ಅಭಿಯಾನ ಮಾಡಿತು. ಮೊದಲ ಹಂತದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹಾಕಿದ್ರು. 2019ರಲ್ಲಿ ಪಾಕಿಸ್ತಾನ ಟೈಫಾಯ್ಡ್ ಲಸಿಕೆಯನ್ನು ತನ್ನ ಮಕ್ಕಳ ಮಾಮೂಲಿ ಪಟ್ಟಿಗೆ ಸೇರಿಸಿತು. ಯಾವ ಲಸಿಕೆ ಗೊತ್ತಾ? ನಮ್ಮ ಹೈದರಾಬಾದ್‌ನಲ್ಲಿ ತಯಾರಾದದ್ದು. 2022ರಲ್ಲಿ ನೇಪಾಳವೂ ತನ್ನ ಪಟ್ಟಿಗೆ ಟೈಫಾಯ್ಡ್ ಸೇರಿಸಿತು. ಲಸಿಕೆ ತಯಾರಿಸುವವರು ನಾವು, ಹೆಬ್ಬಾಳದ ಬಡ ಮಗುವಿಗೆ ಕೊಡದವರೂ ನಾವು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ನಮ್ಮ ಭಾಗಕ್ಕೆ ಬೆಂಗಳೂರು ಉತ್ತರ ನಗರ ಪಾಲಿಕೆ ಬಂತು. ಹೊಸ ಬೋರ್ಡ್, ಹೊಸ ಸೀಲು ಎಲ್ಲಾ ಬಂತು. ಒಂದು ಹೊಸ ಕೆಲಸವೂ ಬರಲಿ. ಅಂಗನವಾಡಿ, ಸರ್ಕಾರಿ ಶಾಲೆಗಳಿಂದ ಶುರು ಮಾಡಿ ಮಕ್ಕಳಿಗೆ ಟೈಫಾಯ್ಡ್ ಲಸಿಕೆ ಕೊಡಿ. ಅದರ ಜೊತೆಗೇ ಪೈಪ್ ಸರಿ ಮಾಡಿ. ಎರಡರಲ್ಲಿ ಒಂದು ಅಂತ ತಪ್ಪಿಸಿಕೊಳ್ಳೋದು ಬೇಡ. ಲಸಿಕೆ ಒಂದು ಮಗುವನ್ನು ಕಾಯುತ್ತೆ, ಒಳ್ಳೆಯ ಪೈಪು ಇಡೀ ಬೀದಿಯನ್ನು ಕಾಯುತ್ತೆ. ಪೈಪ್ ಬರೋಕೆ ಹತ್ತು ವರ್ಷ ಬೇಕು ಅಂದ್ರೆ, ಆ ಹತ್ತು ವರ್ಷ ಮಗುವನ್ನು ಕಾಯೋದು ಲಸಿಕೆಯೇ.

ಅಜ್ಜಿಯರಿಗೆ ನನ್ನದೊಂದು ವಿನಂತಿ. ಮಗ ಫೋನ್‌ನಲ್ಲಿ ಇಂಜೆಕ್ಷನ್ ಅಂದಾಗ ಬೇಜಾರು ಮಾಡ್ಕೋಬೇಡಿ. "ಹಾಕಿಸ್ಕೊಂಡೇ ಬಾಪ್ಪಾ, ನೀನೂ ಹಾಕಿಸ್ಕೋ" ಅನ್ನಿ. ಆಮೇಲೆ ನಿಮ್ಮ ಮನೆ ಕೆಲಸದವರ ಮಗುವಿಗೆ ಆಗಿದೆಯಾ ಅಂತ ಒಂದು ಮಾತು ಕೇಳಿ. ಆಗಿಲ್ಲ ಅಂದ್ರೆ, ಆ ಪ್ರಶ್ನೆಯನ್ನು ಹಿಡ್ಕೊಂಡು ಪಾಲಿಕೆ ಕಚೇರಿಗೆ ಹೋಗಿ. ಒಬ್ಬರೇ ಹೋಗಬೇಡಿ, ಬೀದಿಯವರನ್ನೆಲ್ಲ ಕರ್ಕೊಂಡು ಹೋಗಿ.